ಓಸಿಆರ್ ದೂರುವ ಮೊದಲು ಪುಟದ ಚಿತ್ರ ನೋಡಿ

ಹಳೆಯ ಕನ್ನಡ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ ಓಸಿಆರ್‌ಗೆ ಕೊಟ್ಟಾಗ ಬರುವ ಪಠ್ಯದಲ್ಲಿ ತಪ್ಪುಗಳು ತುಂಬಿದ್ದರೆ ನಾವು ಕೂಡಲೇ ತಂತ್ರಾಂಶವನ್ನು ದೂರುತ್ತೇವೆ. ಕನ್ನಡಕ್ಕೆ ತಕ್ಕ ಓಸಿಆರ್ ಇಲ್ಲವೆಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು, ಈಗ ಅಷ್ಟು ನಿಜವಲ್ಲ. ಮುಕ್ತ ತಂತ್ರಾಂಶ ಟೆಸೆರಾಕ್ಟ್, 2018ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಬಿಡಿ ಅಕ್ಷರಗಳ ಬದಲು ಇಡೀ ಸಾಲನ್ನೇ ನರಜಾಲದ ಮೂಲಕ ಓದುತ್ತಿದೆ. ಸ್ವಚ್ಛ ಪುಟ ಸಿಕ್ಕರೆ ಕನ್ನಡವನ್ನೂ ಚೆನ್ನಾಗಿಯೇ ಹಿಡಿಯುತ್ತದೆ. ಕೆಲಸ ಕೆಡುವುದು ಬಹುಪಾಲು ಅದಕ್ಕೂ ಮುಂಚೆ, ಪುಟದ ಚಿತ್ರ ತೆಗೆಯುವಾಗ. ಡಿಜಿಟಲೀಕರಣಕ್ಕೆ ಹಣ ಕೊಡುವವರು ಎಷ್ಟು ಪುಟ ಆಯಿತೆಂದು ಕೇಳುವ ಮೊದಲು ಪುಟಗಳು ಹೇಗೆ ಬಂದಿವೆಯೆಂದು ನೋಡಬೇಕು.

ನಮ್ಮ ಲಿಪಿ ಇಂಗ್ಲಿಷಿಗಿಂತ ಹೆಚ್ಚಿನ ಸೂಕ್ಷ್ಮ ಬೇಡುತ್ತದೆ. ಸಾಮಾನ್ಯವಾಗಿ ಸಾಕೆನ್ನುವ 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕೆ) 12 ಪಾಯಿಂಟ್ ಅಚ್ಚಿಗೆ ಸಿಗುವುದು 50 ಪಿಕ್ಸೆಲ್ ಎತ್ತರ. ಅಷ್ಟರೊಳಗೆ ಅಕ್ಷರ, ಅದರ ತಲೆಯ ಮೇಲಿನ ಗುಣಿತ, ಕೆಳಗಿನ ಒತ್ತು ಎಲ್ಲವೂ ಹಿಡಿಸಬೇಕು. 8 ಪಾಯಿಂಟಿನ ಅಡಿಟಿಪ್ಪಣಿಗೆ ಸಿಗುವುದು 33 ಮಾತ್ರ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸೀಳು, ‘ರ’ಕ್ಕೂ ‘ಠ’ಕ್ಕೂ ನಡುವಿನ ಒಂದು ಚುಕ್ಕೆ. ಬೂದು ಛಾಯೆಗಳನ್ನು ಉಳಿಸದೆ ಪುಟವನ್ನು ಬರಿಯ ಕಪ್ಪು–ಬಿಳುಪಿಗೆ ಇಳಿಸಿದರೆ, ಹರಡಿದ ಶಾಯಿ ಆ ಸೀಳನ್ನು ಮುಚ್ಚಿ ‘ಧನ’ವನ್ನು ‘ದನ’ ಮಾಡುತ್ತದೆ. ಎರಡೂ ಸರಿಯಾದ ಪದಗಳೇ, ಹಾಗಾಗಿ ಕಾಗುಣಿತ ಪರೀಕ್ಷಕಕ್ಕೆ ಅದು ತಪ್ಪೆಂದೇ ಗೊತ್ತಾಗುವುದಿಲ್ಲ. ಸಣ್ಣ ಅಚ್ಚಿಗೆ 400 ಡಿಪಿಐ ಇಟ್ಟು, ಬೂದು ಅಥವಾ ಬಣ್ಣದ ಚಿತ್ರ ತೆಗೆಯುವುದು, ತೆಳು ಹಾಳೆಯ ಹಿಂದೆ ಕಪ್ಪು ಕಾಗದವಿಟ್ಟು ಆಚೆ ಬದಿಯ ಅಚ್ಚು ಇಣುಕದಂತೆ ನೋಡಿಕೊಳ್ಳುವುದು, ಹೊಲಿಗೆಯ ಬಳಿ ಸಾಲು ಬಾಗದಂತೆ ಗಾಜಿನಿಂದ ಒತ್ತಿ ಹಿಡಿಯುವುದು, ಇವೆಲ್ಲ ಯಾರಿಗೂ ಅಸಾಧ್ಯವಲ್ಲ.

ಇದರಿಂದ ಖರ್ಚು ಹೆಚ್ಚುತ್ತದೆ, ಕಡತಗಳು ದೊಡ್ಡವಾಗುತ್ತವೆ ಎನ್ನುವವರಿದ್ದಾರೆ. ಹೆಚ್ಚುತ್ತದೆ, ನಿಜ. ಆದರೆ ಆಮ್ಲ ತುಂಬಿದ ಹಳೆಯ ಕಾಗದ ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿದೆ. ಅಂಥ ಪುಸ್ತಕವನ್ನು ಎರಡನೇ ಸಲ ಬಿಡಿಸುವುದಕ್ಕಿಂತ ಹಾರ್ಡ್‌ಡಿಸ್ಕ್ ಕೊಳ್ಳುವುದು ಅಗ್ಗ. ಕೃತಕ ಬುದ್ಧಿಮತ್ತೆ ಮಸುಕು ಪುಟವನ್ನೂ ಓದುತ್ತದಲ್ಲ, ಇಷ್ಟು ಶ್ರಮ ಏಕೆ ಎಂಬ ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ಅದು ಓದುವುದು ಹೌದು, ಕಾಣದಿದ್ದಲ್ಲಿ ಊಹಿಸುವುದೂ ಹೌದು. ಹಳೆಯ ಓಸಿಆರ್ ತಪ್ಪಿದರೆ ಅರ್ಥವಿಲ್ಲದ ಅಕ್ಷರಗಳು ಬಂದು ತಪ್ಪು ತಾನೇ ಕಣ್ಣಿಗೆ ಬೀಳುತ್ತಿತ್ತು. ಇದು ತಪ್ಪಿದರೆ ಸೊಗಸಾದ ವಾಕ್ಯವೇ ಬರುತ್ತದೆ, ಲೇಖಕ ಬರೆಯದ ವಾಕ್ಯ. ಹಳಗನ್ನಡದ ‘ಱ’, ‘ೞ’ಗಳು ಸದ್ದಿಲ್ಲದೆ ‘ರ’, ‘ಳ’ ಆದರೆ ಛಂದಸ್ಸು, ಭಾಷಾ ಇತಿಹಾಸ ಓದುವವರಿಗೆ ಆ ಪಠ್ಯ ನಿರುಪಯೋಗಿ.

ಆದ್ದರಿಂದ ಕರಡು ತಿದ್ದುವವರಿಗೂ ಯೋಜನೆಯಲ್ಲಿ ಸಂಬಳ ಇರಬೇಕು. ಮುಕ್ತ ಆನ್‌ಲೈನ್ ಗ್ರಂಥಾಲಯ ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರವನ್ನು ಪಠ್ಯದ ಪಕ್ಕದಲ್ಲೇ ಇಟ್ಟು, ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಪರಿಶೀಲಿಸಿದ ಮೇಲಷ್ಟೇ ಪುಟಕ್ಕೆ ಹಸಿರು ಗುರುತು ಬೀಳುತ್ತದೆ. ಸ್ವಯಂಸೇವಕರು ಪಾಲಿಸುವ ಈ ಕ್ರಮವನ್ನು ಸಾರ್ವಜನಿಕ ಹಣದ ಟೆಂಡರಿನಲ್ಲೂ ಷರತ್ತಾಗಿ ಬರೆಯಬಹುದು, ತಿದ್ದಿದ ಪಠ್ಯದೊಂದಿಗೆ ಮೂಲ ಚಿತ್ರಗಳನ್ನೂ ಕುಗ್ಗಿಸದೆ ಒಪ್ಪಿಸಬೇಕೆಂಬ ಇನ್ನೊಂದು ಸಾಲಿನ ಸಮೇತ.