ಜಾಗಕ್ಕೆ ಬೆಲೆ ಕಟ್ಟುವವರ ಮೇಲೆ ಕಣ್ಣಿಡುವವರು ಯಾರು?

ಕಾಸರಗೋಡು: ಮನೆ ಜಾಗದ ಆಧಾರ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತಿದವರಿಗೆಲ್ಲ ಈ ವ್ಯಕ್ತಿಯ ಪರಿಚಯ ಇದ್ದೇ ಇರುತ್ತದೆ. ಒಂದು ದಿನ ಬರುತ್ತಾರೆ, ಅಂಗಳದಲ್ಲಿ ನಿಂತು ನಾಲ್ಕು ಫೋಟೋ ತೆಗೆಯುತ್ತಾರೆ, ಬಾವಿ ಇದೆಯೇ, ರಸ್ತೆ ಎಷ್ಟು ಅಗಲ ಎಂದು ಕೇಳಿ ಹೊರಡುತ್ತಾರೆ. ಅವರೇ ವ್ಯಾಲ್ಯುವರ್. ಫೀಸು ಸಾಮಾನ್ಯವಾಗಿ ಸಾಲಗಾರನದ್ದು, ವರದಿ ಮಾತ್ರ ಬ್ಯಾಂಕಿನದ್ದು.

ಅವರು ಬರೆದ ಅಂಕಿಯ ಮೇಲೆ ಸಾಲ ನಿಂತಿದೆ. ಕಂತು ಕಟ್ಟಲಾಗದೆ ಜಾಗ ಹರಾಜಿಗೆ ಬಂದರೆ ಕನಿಷ್ಠ ದರವೂ ಇಂಥದ್ದೇ ಇನ್ನೊಂದು ವರದಿಯಿಂದ ನಿಗದಿಯಾಗುತ್ತದೆ. ಬೆಲೆ ಕಡಿಮೆ ಬರೆದರೆ ಮನೆ ಅಗ್ಗಕ್ಕೆ ಹೋಯಿತು. ಹೆಚ್ಚು ಬರೆದರೆ ಬ್ಯಾಂಕಿನಲ್ಲಿಟ್ಟ ನಮ್ಮದೇ ಠೇವಣಿಗೆ ಕುತ್ತು. ತೃಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ 2021ರಲ್ಲಿ ಹೊರಬಿದ್ದಾಗ ಕೇಳಿಬಂದ ಆರೋಪಗಳಲ್ಲಿ ಜಾಗಕ್ಕೆ ಇಲ್ಲದ ಬೆಲೆ ತೋರಿಸಿ ಸಾಲ ಕೊಟ್ಟದ್ದೂ ಒಂದು. ಅಲ್ಲಿ ಅತ್ತವರು ಠೇವಣಿದಾರರು.

ಹಾಗಾದರೆ ಈ ವ್ಯಾಲ್ಯುವರ್ ತಪ್ಪು ಮಾಡಿದರೆ ಹಿಡಿಯುವವರು ಯಾರು? ಒಬ್ಬರಲ್ಲ, ಹಲವರು. ತೊಡಕು ಇರುವುದೇ ಇಲ್ಲಿ.

1957ರ ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ಕಲಮಿನಡಿ ಆದಾಯ ತೆರಿಗೆ ಇಲಾಖೆ ವ್ಯಾಲ್ಯುವರ್‌ಗಳನ್ನು ನೋಂದಾಯಿಸುತ್ತಾ ಬಂತು. 2015ರ ಬಜೆಟ್ಟಿನಲ್ಲಿ ಸಂಪತ್ತು ತೆರಿಗೆಯೇ ರದ್ದಾಯಿತು. ತಮಾಷೆ ಎಂದರೆ, ತೆರಿಗೆ ಹೋದರೂ ಆ ನೋಂದಣಿಗೆ ಬೆಲೆ ಹೋಗಲಿಲ್ಲ. ಸರ್ಫೇಸಿ ಹರಾಜಿಗೆ ಸಂಬಂಧಿಸಿದ 2002ರ ನಿಯಮಗಳು 'ಅಂಗೀಕೃತ ವ್ಯಾಲ್ಯುವರ್' ಎಂದು ಗುರುತಿಸಿದ್ದು ಈ ಪಟ್ಟಿಯಲ್ಲಿದ್ದು ಬ್ಯಾಂಕಿನ ಒಪ್ಪಿಗೆಯನ್ನೂ ಪಡೆದವರನ್ನೇ.

ಎರಡನೆಯದು ಇನ್‌ಸಾಲ್ವೆನ್ಸಿ ಆ್ಯಂಡ್ ಬ್ಯಾಂಕ್ರಪ್ಸಿ ಬೋರ್ಡ್, ಅಂದರೆ ಐಬಿಬಿಐ. ಕಂಪನಿ ಕಾಯ್ದೆಯ 247ನೇ ಕಲಮಿನಡಿ 2017ರಲ್ಲಿ ಬಂದ ನಿಯಮಗಳ ಪ್ರಕಾರ ಪರೀಕ್ಷೆ ಪಾಸಾಗಿ, ಮಾನ್ಯತೆ ಪಡೆದ ಸಂಸ್ಥೆಯೊಂದರ ಸದಸ್ಯರಾದವರಿಗೆ ಇಲ್ಲಿ ನೋಂದಣಿ. ಆದರೆ ಇದು ಕಡ್ಡಾಯವಾಗಿರುವುದು ಕಂಪನಿ ಮತ್ತು ದಿವಾಳಿ ವ್ಯವಹಾರಗಳಿಗೆ, ನಿಮ್ಮ ನಮ್ಮ ಮನೆ ಸಾಲಕ್ಕಲ್ಲ. ಮೂರನೆಯದು ಪ್ರತಿ ಬ್ಯಾಂಕಿನ ಸ್ವಂತ ಪ್ಯಾನೆಲ್. ಸಹಕಾರ ಸಂಘಗಳದ್ದು ಬೇರೆಯೇ ಲೋಕ, ಅವು ಸಹಕಾರ ರಿಜಿಸ್ಟ್ರಾರರ ಅಧೀನ.

ಒಂದು ಪುಸ್ತಕದಿಂದ ಹೆಸರು ಹೊಡೆದರೆ ಇನ್ನೊಂದರಿಂದ ತಾನಾಗಿ ಹೋಗುವುದಿಲ್ಲ. ಸಂಪರ್ಕದ ಎಳೆಗಳು ಇಲ್ಲವೇ ಇಲ್ಲ ಎಂದಲ್ಲ. ತಪ್ಪು ವರದಿಗಾಗಿ ಆದಾಯ ತೆರಿಗೆ ಕಾಯ್ದೆಯ 271ಜೆ ಕಲಮಿನಡಿ ದಂಡ ಬಿದ್ದು ಅದು ಖಾಯಂ ಆದವರಿಗೆ ಐದು ವರ್ಷ ಐಬಿಬಿಐ ನೋಂದಣಿ ಸಿಗದು. ದಂಡದ ಮೊತ್ತ ವರದಿಯೊಂದಕ್ಕೆ ಹತ್ತು ಸಾವಿರ ರೂಪಾಯಿ! ವಂಚನೆಗೆ ಕೈಜೋಡಿಸಿದ ವ್ಯಾಲ್ಯುವರ್, ವಕೀಲ, ಬಿಲ್ಡರ್‌ಗಳ ಹೆಸರನ್ನು ಬ್ಯಾಂಕುಗಳು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಶನ್‌ಗೆ ತಿಳಿಸಬೇಕು, ಅದು ಎಚ್ಚರಿಕೆ ಪಟ್ಟಿಯಾಗಿ ಬ್ಯಾಂಕುಗಳಿಗೆ ಹೋಗಬೇಕು ಎಂಬ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ 2009ರಲ್ಲೇ ತಂದಿತ್ತು. ಆದರೆ ಆ ಪಟ್ಟಿ ಬ್ಯಾಂಕುಗಳ ನಡುವಿನದು. ಪೈವಳಿಕೆಯ ಸಾಲಗಾರನಿಗಾಗಲಿ ಊರಿನ ಸೇವಾ ಸಹಕಾರಿ ಸಂಘದ ಕಾರ್ಯದರ್ಶಿಗಾಗಲಿ ಅದರಲ್ಲಿ ಯಾರಿದ್ದಾರೆಂದು ತಿಳಿಯುವ ದಾರಿ ಇಲ್ಲ.

ಗಡಿನಾಡಿನವರಿಗೆ ಇದು ಇನ್ನಷ್ಟು ಗೋಜಲು. ಜಾಗ ವರ್ಕಾಡಿಯಲ್ಲಿ, ಸಾಲ ಮಂಗಳೂರಿನ ಶಾಖೆಯಲ್ಲಿ. ಇಲ್ಲಿ 2010ರಿಂದ ಜಾರಿಯಲ್ಲಿರುವ ಫೇರ್ ವ್ಯಾಲ್ಯೂ, ತಲಪಾಡಿ ದಾಟಿದರೆ ಗೈಡೆನ್ಸ್ ವ್ಯಾಲ್ಯೂ. ಇಲ್ಲಿ ತಂಡಪೇರು, ಅಲ್ಲಿ ಆರ್‌ಟಿಸಿ. ಮಂಗಳೂರಿನಿಂದ ಬರುವ ವ್ಯಾಲ್ಯುವರ್‌ಗೆ ಮಲಯಾಳದ ಆಧಾರ ಓದಲು ಬರದಿದ್ದರೆ ಅಕ್ಕಪಕ್ಕದ ಜಾಗ ಎಷ್ಟಕ್ಕೆ ಹೋಯಿತೆಂದು ತಿಳಿಯುವುದು ಬಾಯಿಮಾತಿನಿಂದಲೇ.

ಅಮೆರಿಕದಲ್ಲಿ 1980ರ ದಶಕದಲ್ಲಿ ಸಾಲ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದಾಗ ಅಲ್ಲಿಯ ಸರಕಾರ ಇದೇ ಪ್ರಶ್ನೆ ಎದುರಿಸಿತು. ವ್ಯಾಲ್ಯುವರ್‌ಗೆ ಲೈಸೆನ್ಸ್ ಕೊಡುವುದು ಅಲ್ಲಿ ಆಯಾ ರಾಜ್ಯ. 1989ರ ಕಾಯ್ದೆ ಎಲ್ಲ ರಾಜ್ಯಗಳ ಹೆಸರುಗಳಿಗೂ ಒಂದೇ ರಾಷ್ಟ್ರೀಯ ಪಟ್ಟಿ ಮಾಡಿತು. ಒಂದು ರಾಜ್ಯ ಶಿಸ್ತುಕ್ರಮ ಕೈಗೊಂಡರೆ ಪಕ್ಕದ ರಾಜ್ಯದ ಅಧಿಕಾರಿಗೆ ಅದು ಕಾಣುತ್ತದೆ. ನಮ್ಮಲ್ಲೂ ಎಂ.ಎಸ್. ಸಾಹೂ ನೇತೃತ್ವದ ತಜ್ಞರ ಸಮಿತಿ 2020ರಲ್ಲಿ ಈ ವೃತ್ತಿಗೇ ಪ್ರತ್ಯೇಕ ಕಾನೂನು ಮತ್ತು ರಾಷ್ಟ್ರೀಯ ಸಂಸ್ಥೆ ಬೇಕೆಂದು ಕರಡು ಮಸೂದೆ ಸಮೇತ ವರದಿ ಕೊಟ್ಟಿತ್ತು. ಅಂಥ ಕಾನೂನು ಬಂದರೂ ಸಹಕಾರಿ ಸಂಘಗಳನ್ನು ಹೊರಗಿಟ್ಟರೆ ನಮ್ಮ ಹಳ್ಳಿಗಳ ಮಟ್ಟಿಗೆ ಅದು ಅರ್ಧ ಕೆಲಸವೇ.

ಸದ್ಯಕ್ಕೆ ಸಾಲ ತೆಗೆಯುವವರು ಮಾಡಬಹುದಾದದ್ದು ಇಷ್ಟು. ಬಂದವರ ಹೆಸರು, ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಐಬಿಬಿಐಯಲ್ಲಿ ನೋಂದಾಯಿತರೆಂದರೆ ಅದರ ವೆಬ್‌ಸೈಟಿನಲ್ಲಿ ಹೆಸರು ನೋಡಬಹುದು, ಶಿಸ್ತುಕ್ರಮದ ಆದೇಶಗಳೂ ಅಲ್ಲೇ ಇವೆ. ವರದಿಯ ಪ್ರತಿಯನ್ನು ಮ್ಯಾನೇಜರರಲ್ಲಿ ಲಿಖಿತವಾಗಿ ಕೇಳಿ. ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದು, ಆದ್ದರಿಂದ ಅಡಿಕೆ ತೋಟವನ್ನು ವರದಿಯಲ್ಲಿ ಏನೆಂದು ಬರೆದಿದ್ದಾರೆ ಎಂಬುದನ್ನು ಮೊದಲು ನೋಡಿ. ಹರಾಜಿನ ಹಂತ ತಲುಪಿದರೆ, ಬ್ಯಾಂಕ್ ಕೈಗೊಂಡ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಜಾಗ ಇರುವಲ್ಲಿಗೂ ಆಗುತ್ತದೆ, ಸಾಲದ ಖಾತೆ ಇರುವ ಶಾಖೆಯ ವ್ಯಾಪ್ತಿಗೂ ಆಗುತ್ತದೆ. ನಮ್ಮವರ ಲೆಕ್ಕದಲ್ಲಿ ಎರ್ನಾಕುಳಂ, ಇಲ್ಲವೇ ಬೆಂಗಳೂರು.