ಅಜ್ಜ-ಅಜ್ಜಿ ಎಡ್ಜ್ ಕೇಸ್ ಅಲ್ಲ

ಎಂಜಿನಿಯರಿಂಗ್ ಸೇರಿದವರಿಗೆಲ್ಲ ಮನೆಯಲ್ಲಿ ಒಂದು ಕೆಲಸ ಅಡ್ಮಿಷನ್ ಆದ ದಿನವೇ ಸಿಕ್ಕಿಬಿಡುತ್ತೆ. ಸಂಬಳ ಇಲ್ಲ, ರಜೆನೂ ಇಲ್ಲ. ಹಿರಿಯರ ಫೋನಿಗೆ ಕಸ್ಟಮರ್ ಕೇರ್ ಆಗೋ ಕೆಲಸ ಅದು. ಮೆಕ್ಯಾನಿಕಲ್ ಆಗಲಿ ಸಿವಿಲ್ ಆಗಲಿ, ಯಾರಿಗೂ ವಿನಾಯಿತಿ ಇಲ್ಲ. "ಅದೇನೋ ನಂಬರ್ ಬಂದಿದೆ ಪುಟ್ಟಾ, ಎಲ್ಲಿ ಹಾಕ್ಲಿ?" ಅಂತ ಊರಿಂದ ಅಜ್ಜಿ ಕೇಳ್ತಾರೆ. "ಮೇಲೆ ಮೂರು ಗೆರೆ ಕಾಣುತ್ತಲ್ಲ, ಅದನ್ನ ಒತ್ತಜ್ಜಿ" ಅಂತ ನಾವು ಹಾಸ್ಟೆಲಿಂದ ಹೇಳ್ತೀವಿ. ಅಷ್ಟರಲ್ಲಿ ಟೈಮ್ ಮುಗಿದು ಎಲ್ಲ ಮೊದಲಿಂದ ಶುರು. ಕೊನೆಗೆ "ವಯಸ್ಸಾಯ್ತು, ಇದೆಲ್ಲ ನನ್ನ ತಲೆಗೆ ಹತ್ತಲ್ಲ" ಅಂತ ಅಜ್ಜಿ ಫೋನ್ ಇಟ್ಟುಬಿಡ್ತಾರೆ.

ಈ ಮಾತನ್ನ ನಾವು ಒಪ್ಪಲ್ಲ. ಹಿರಿಯರಿಗೆ ಟೆಕ್ನಾಲಜಿ ಗೊತ್ತಿಲ್ಲ ಅಂತ ಎಲ್ಲರೂ ಹೇಳ್ತಾರೆ. ಆದರೆ ಟೆಕ್ನಾಲಜಿ ಮಾಡೋರಿಗೆ ಹಿರಿಯರ ಬಗ್ಗೆ ಎಷ್ಟು ಗೊತ್ತಿದೆ? ಇನ್ನೆರಡು ವರ್ಷ ಕಳೆದರೆ ಆ ಮಾಡೋರ ಸಾಲಿನಲ್ಲಿ ನಾವೂ ಇರ್ತೀವಿ. ಹಾಗಾಗಿ ಈ ಪ್ರಶ್ನೆಯನ್ನ ಈಗಲೇ ಕೇಳಿಕೊಳ್ಳೋದು ಒಳ್ಳೇದು.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ ಇತ್ತು. ಈಗ ಅದು 70ರ ಆಸುಪಾಸಿನಲ್ಲಿದೆ. ಲಸಿಕೆ, ಶುದ್ಧ ನೀರು, ಆಸ್ಪತ್ರೆ, ಹೊಟ್ಟೆತುಂಬ ಊಟ ಎಲ್ಲ ಸೇರಿ ಗಳಿಸಿಕೊಟ್ಟ ವರ್ಷಗಳಿವು. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗಿಂತ ಹೆಚ್ಚಿದ್ದರು. 2050ರ ಹೊತ್ತಿಗೆ ಐದು ಜನರಲ್ಲಿ ಒಬ್ಬರು 60 ದಾಟಿರುತ್ತಾರೆ ಅಂತ ವಿಶ್ವಸಂಸ್ಥೆಯ ಅಂದಾಜು. ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕು ಅಂದ್ರೂ 2.1 ಬೇಕು. ಅಂದ್ರೆ ಅಜ್ಜ-ಅಜ್ಜಿಯರ ಸಂಖ್ಯೆ ಏರ್ತಾ ಇದೆ, ಫೋನ್ ಎತ್ತೋ ಮೊಮ್ಮಕ್ಕಳ ಸಂಖ್ಯೆ ಇಳೀತಾ ಇದೆ.

ಕೋಡಿಂಗ್ ಲ್ಯಾಬಿನಲ್ಲಿ 'ಎಡ್ಜ್ ಕೇಸ್' ಅನ್ನೋ ಮಾತು ದಿನಾ ಕೇಳ್ತೀವಿ. ಅಪರೂಪಕ್ಕೆ ಬರೋ ಇನ್‌ಪುಟ್ ಅದು, ಮೊದಲು ಪ್ರೋಗ್ರಾಮ್ ಓಡಲಿ, ಅದನ್ನ ಆಮೇಲೆ ನೋಡ್ಕೊಂಡ್ರಾಯ್ತು ಅಂತ. ನಮ್ಮ ಊರು, ರಸ್ತೆ, ಬಸ್ಸು, ಆ್ಯಪ್ ಎಲ್ಲವೂ ಹಿರಿಯರನ್ನ ಹೀಗೇ ನಡೆಸಿಕೊಳ್ತಿವೆ. ಆದರೆ ಐದರಲ್ಲಿ ಒಬ್ಬರು ಎಡ್ಜ್ ಕೇಸ್ ಹೇಗಾಗ್ತಾರೆ?

ರಸ್ತೆ ದಾಟೋ ಸಿಗ್ನಲ್ಲನ್ನೇ ತಗೊಳ್ಳಿ. ಪಾದಚಾರಿಗಳಿಗೆ ಎಷ್ಟು ಹೊತ್ತು ಹಸಿರು ದೀಪ ಕೊಡಬೇಕು ಅಂತ ಲೆಕ್ಕ ಹಾಕುವಾಗ ನಡಿಗೆಯ ವೇಗವನ್ನ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಾರೆ. ರಸ್ತೆ 18 ಮೀಟರ್ ಅಗಲ ಇದ್ದರೆ 15 ಸೆಕೆಂಡ್ ಸಾಕು. ಆದರೆ ಮೊಣಕಾಲು ನೋವಿರೋ ಅಜ್ಜ ಸೆಕೆಂಡಿಗೆ 0.8 ಮೀಟರ್ ನಡೆದರೆ? ಆ 15 ಸೆಕೆಂಡಿನಲ್ಲಿ ಅವರು ದಾಟಿರೋದು 12 ಮೀಟರ್. ಉಳಿದ 6 ಮೀಟರನ್ನ ಹಾರ್ನ್ ಹೊಡೆಯೋ ಗಾಡಿಗಳ ಮಧ್ಯೆ ದಾಟಬೇಕು. ಅಜ್ಜ ನಿಧಾನ ಅಂತ ಬೈಯೋದು ಸುಲಭ. ಫಾರ್ಮುಲಾದೊಳಗಿನ ಸಂಖ್ಯೆ ಯಾರ ಕಾಲನ್ನ ನೋಡಿ ಇಟ್ಟದ್ದು ಅಂತ ಯಾರೂ ಕೇಳಲ್ಲ.

ಬಸ್ಸಿನ ಕಥೆನೂ ಇದೇ. ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದವರಿಗೆ ಟಿಕೆಟ್ ದರದಲ್ಲಿ ಶೇ. 25 ರಿಯಾಯಿತಿ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವೇ ಉಚಿತ. ಇವೆರಡೂ ಒಳ್ಳೆಯ ಕೆಲಸಗಳೇ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಇದ್ದಷ್ಟೇ ಎತ್ತರದಲ್ಲಿದೆ. ಕಂಬಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನವರು ಒಂದು ಕೈ ಕೊಟ್ಟರೆ ಮಾತ್ರ ಹತ್ತೋಕಾಗುತ್ತೆ. ಟಿಕೆಟ್ಟಿಗೆ ರಿಯಾಯಿತಿ ಸಿಕ್ತು, ಮೆಟ್ಟಿಲಿಗೆ ಸಿಗಲಿಲ್ಲ.

ಬದಲಾವಣೆ ಸಾಧ್ಯ ಇಲ್ವಾ? ಖಂಡಿತ ಇದೆ. ಸರ್ಕಾರಿ ಪಿಂಚಣಿ ಪಡೆಯೋರು ವರ್ಷಕ್ಕೊಮ್ಮೆ, ಹೆಚ್ಚಿನವರು ನವೆಂಬರ್‌ನಲ್ಲಿ, ತಾವು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. ಅದಕ್ಕಾಗಿ ಕಚೇರಿ ಅಲೆಯೋದು ತಪ್ಪಲಿ ಅಂತ 2014ರಲ್ಲಿ 'ಜೀವನ್ ಪ್ರಮಾಣ್' ಬಂತು. ಆದರೆ ವರ್ಷಗಟ್ಟಲೆ ದುಡಿದು ಸವೆದ ಬೆರಳಿನ ಗುರುತನ್ನ ಮೆಷಿನ್ ಎಷ್ಟೋ ಸಲ ಹಿಡಿಯೋದೇ ಇಲ್ಲ. ರೇಷನ್ ಅಂಗಡಿಯ ಮುಂದೆ ಹೆಬ್ಬೆರಳನ್ನ ಸೀರೆಗೆ ಒರೆಸಿ ಒರೆಸಿ ಒತ್ತೋ ಅಜ್ಜಿಯರನ್ನ ನಾವೆಲ್ಲ ನೋಡಿದ್ದೀವಿ. 2021ರ ನವೆಂಬರ್‌ನಲ್ಲಿ ಜೀವನ್ ಪ್ರಮಾಣ್‌ಗೆ ಮುಖ ಗುರುತಿಸೋ ವ್ಯವಸ್ಥೆ ಸೇರಿತು. ಮನೆಯ ಸ್ಮಾರ್ಟ್‌ಫೋನಿನ ಕ್ಯಾಮೆರಾ ಸಾಕು. ಇಲ್ಲಿ ಗಮನಿಸಬೇಕಾದ್ದು ಒಂದೇ: ಹಿರಿಯರ ಬೆರಳು ಬದಲಾಗಲಿಲ್ಲ. ವ್ಯವಸ್ಥೆಯೇ ಒಂದು ಹೆಜ್ಜೆ ಅವರ ಕಡೆಗೆ ಬಂತು.

ವಾಟ್ಸಾಪ್ ವಾಯ್ಸ್ ಮೆಸೇಜ್ ಇನ್ನೊಂದು ಉದಾಹರಣೆ. ಟೈಪ್ ಮಾಡೋಕೆ ಬಾರದ ಎಷ್ಟೋ ಅಜ್ಜಿಯರು ಅದರಲ್ಲಿ ನಮಗಿಂತ ಮುಂದಿದ್ದಾರೆ. ಒತ್ತಿ ಹಿಡಿ, ಮಾತಾಡು, ಬಿಡು. ಅಷ್ಟೇ. ಅದು ಅವರ ತಲೆಗೆ ಹತ್ತಿದೆ ಅಂದ್ಮೇಲೆ ಬ್ಯಾಂಕಿನ ಆ್ಯಪ್ ಹತ್ತದೇ ಇರೋದಕ್ಕೆ ಬರೀ ವಯಸ್ಸು ಕಾರಣ ಅಂತ ಹೇಗೆ ಹೇಳೋದು?

"ಇದೆಲ್ಲ ಮನೆಯವರು ನೋಡ್ಕೋಬೇಕಾದ್ದು, ಎಂಜಿನಿಯರ್‌ಗಳಿಗೇನು ಸಂಬಂಧ?" ಅಂತ ಕೆಲವರು ಕೇಳಬಹುದು. ಮನೆಯವರ ಜವಾಬ್ದಾರಿ ಇದ್ದೇ ಇದೆ. ಅದಕ್ಕೆ ಕಾನೂನೂ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಲ್ಲಿ, ನೋಡಿಕೊಳ್ಳದ ಮಕ್ಕಳಿಂದ ತಂದೆತಾಯಿ ಜೀವನಾಂಶ ಕೇಳಬಹುದು. ಆದರೆ ನೋಡಿಕೊಳ್ಳೋ ಮನಸ್ಸಿರೋ ಮಕ್ಕಳ ಕಷ್ಟವೇ ಬೇರೆ. ಒಬ್ಬಳೇ ಮಗಳು, ಕೆಲಸ ಬೆಂಗಳೂರಿನಲ್ಲೋ ಟೆಕ್ಸಾಸ್‌ನಲ್ಲೋ. ಊರಲ್ಲಿ ಅಪ್ಪ, ಅಮ್ಮ, ಅವರ ಜೊತೆ ಅಜ್ಜಿ. ಅವಳಿಗೆ ಪ್ರೀತಿ ಬೇಕಾದಷ್ಟಿದೆ, ಕೈ ಮಾತ್ರ ಎರಡೇ. ಅಂಥವಳ ಭಾರವನ್ನ ಒಳ್ಳೆಯ ವ್ಯವಸ್ಥೆ ಇಳಿಸಬಲ್ಲದು, ಕೆಟ್ಟದು ಇನ್ನಷ್ಟು ಏರಿಸುತ್ತೆ.

ಒಟಿಪಿ ವಿಷಯ ನೋಡಿ. "ಯಾರಿಗೂ ಹೇಳಬೇಡಿ" ಅಂತ ಮೆಸೇಜೇ ಹೇಳುತ್ತೆ. ಹೇಳದಿದ್ದರೆ ದೂರದಲ್ಲಿರೋ ಮೊಮ್ಮಗ ಕರೆಂಟ್ ಬಿಲ್ ಕಟ್ಟೋದು ಹೇಗೆ? ಮನೆಯವರಿಗೆ ಹೇಳಬಹುದು, ಮೋಸಗಾರರಿಗೆ ಹೇಳಬಾರದು ಅಂತ ಫೋನಿನ ಆ ಕಡೆಯ ದನಿ ಕೇಳಿಯೇ 75 ವರ್ಷದವರು ನಿರ್ಧರಿಸಬೇಕು. 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ಹಣ ದೋಚೋರು ಕಾಯೋದೂ ಇಂಥ ಗೊಂದಲಕ್ಕೇ. 2024ರಲ್ಲಿ ಬಂದ ಯುಪಿಐ ಸರ್ಕಲ್ ಈ ತೊಡಕನ್ನ ಸ್ವಲ್ಪ ಬಿಡಿಸಿದೆ. ಅಜ್ಜ ತಮ್ಮ ನಂಬಿಕೆಯವರೊಬ್ಬರನ್ನ ಸೇರಿಸಿಕೊಂಡರೆ, ಪಿನ್ ಹೇಳದೆಯೇ ಅವರು ಅಜ್ಜನ ಖಾತೆಯಿಂದ ಮಿತಿಯೊಳಗೆ ಹಣ ಪಾವತಿಸಬಹುದು. ಹಿರಿಯರಿಗೆ ಜೊತೆಗೊಬ್ಬರು ಇರ್ತಾರೆ ಅನ್ನೋದನ್ನ ವ್ಯವಸ್ಥೆಯೇ ಒಪ್ಪಿಕೊಂಡರೆ ಎಷ್ಟು ಹಗುರ ನೋಡಿ.

ಎಲ್ಲಕ್ಕೂ ಸ್ಕ್ರೀನೇ ಪರಿಹಾರ ಅಂತಲೂ ನಾವು ಹೇಳ್ತಿಲ್ಲ. ಕೌಂಟರಿನ ಹಿಂದೆ ಒಬ್ಬ ಮನುಷ್ಯ ಇರಲೇಬೇಕು. 70 ದಾಟಿದವರಿಗೆ ಮೂಲಭೂತ ಬ್ಯಾಂಕಿಂಗ್ ಸೇವೆಯನ್ನ ಮನೆ ಬಾಗಿಲಿಗೇ ಒದಗಿಸಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಇದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಾ? ಇವತ್ತೇ ಹೇಳಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಸೈಬರ್ ಮೋಸಕ್ಕೆ 1930. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ ಬನ್ನಿ.

ಕನ್ನಡ ಬಳಗದವರಾಗಿ ನಮಗೆ ಇನ್ನೂ ಒಂದು ಕೆಲಸ ಇದೆ. ಎಷ್ಟೋ ಆ್ಯಪ್‌ಗಳಲ್ಲಿ ಕನ್ನಡ ಇದೆ, ಆದರೆ ಅದು ಅಜ್ಜಿಯ ಕನ್ನಡ ಅಲ್ಲ. "ಪರಿಶೀಲನಾ ಸಂಕೇತವನ್ನು ನಮೂದಿಸಿ" ಅಂದ್ರೆ ನಮಗೇ ಒಂದು ಕ್ಷಣ ಬೇಕು. "ನಿಮ್ಮ ಫೋನಿಗೆ ಬಂದ ನಂಬರ್ ಇಲ್ಲಿ ಹಾಕಿ" ಅಂತ ಬರೆಯೋಕೆ ಖರ್ಚೇನೂ ಇಲ್ಲ. ಕೋಡೂ ಗೊತ್ತಿದ್ದು ಅಜ್ಜಿಯ ಮಾತೂ ಗೊತ್ತಿರೋರು ನಾವಲ್ದೆ ಇನ್ಯಾರು?

ಹಾಗಾಗಿ ನಮ್ಮ ಕಾಲೇಜಿಗೆ ಒಂದು ಸಣ್ಣ ಸಲಹೆ. ಮಿನಿ ಪ್ರಾಜೆಕ್ಟಿನ ರಿವ್ಯೂ ಶೀಟಿನಲ್ಲಿ ಒಂದು ಸಾಲು ಸೇರಲಿ: '65 ದಾಟಿದ ಒಬ್ಬರು ಇದನ್ನು ಬಳಸಿ ನೋಡಿದ್ದಾರೆಯೇ?' ಅವರ ಕೈಗೆ ಕೊಟ್ಟು ಹತ್ತು ನಿಮಿಷ ಸುಮ್ಮನೆ ಕೂತು ನೋಡೋಣ. ಮಧ್ಯೆ ಬಾಯಿ ಹಾಕೋದು ಬೇಡ. ಅವರು ಎಲ್ಲಿ ನಿಲ್ತಾರೋ ಅಲ್ಲಿ ನಮ್ಮ ಕೆಲಸ ಬಾಕಿ ಇದೆ ಅಂತ ಬರೆದುಕೊಳ್ಳೋಣ. ಸಿವಿಲ್‌ನವರು ರ‍್ಯಾಂಪ್ ಹತ್ತಿಸಿ ನೋಡಲಿ, ಮೆಕ್ಯಾನಿಕಲ್‌ನವರು ಮೆಟ್ಟಿಲು ಹತ್ತಿಸಿ ನೋಡಲಿ.

ನಮಗೀಗ 19. ಅರವತ್ತಕ್ಕೆ ಇನ್ನು 41 ವರ್ಷ. ಅವತ್ತು ನಮ್ಮ ಕೈಯಲ್ಲಿರೋ ಯಂತ್ರ ಯಾವುದೋ, ಫೋನ್ ಮಾಡೋಕೆ ಮೊಮ್ಮಗು ಇರುತ್ತೋ ಇಲ್ವೋ ಈಗ ಹೇಳೋಕಾಗಲ್ಲ. ಆದರೆ ಆ ಯಂತ್ರ ಮಾಡೋರಿಗೆ ಯಾವ ಅಭ್ಯಾಸ ಬಿಟ್ಟುಹೋಗ್ತೀವಿ ಅನ್ನೋದು ಮಾತ್ರ ಈ ಸೆಮಿಸ್ಟರಿನಿಂದಲೇ ನಮ್ಮ ಕೈಯಲ್ಲಿದೆ.