ಕಣ್ಣಿನ ಹನಿಗೆ ಚೀಟಿ ಬರೆಯುವವರು ಯಾರು?

ಹುನಗುಂದದ ಎರೆಹೊಲಗಳಲ್ಲಿ ಬಿಳಿಜೋಳದ ಸುಗ್ಗಿ ಶುರುವಾಯಿತೆಂದರೆ ಮೆಡಿಕಲ್ ಅಂಗಡಿಗಳಿಗೆ ಒಂದು ಕಣ್ಣಿಗೆ ಟವೆಲ್ ಒತ್ತಿ ಹಿಡಿದು ಬರುವವರು ಹೆಚ್ಚುತ್ತಾರೆ. ‘ಕಣ್ಣಿಗೆ ರವದಿ ಬಡದೈತ್ರಿ, ಒಂದು ಡ್ರಾಪ್ಸ್ ಕೊಡ್ರಿ’ ಎನ್ನುತ್ತಾರೆ. ಕೌಂಟರ್ ಹಿಂದಿರುವ ಹುಡುಗ ಕಣ್ಣು ನೋಡುವುದಿಲ್ಲ, ಸೀಸೆ ಕೊಡುತ್ತಾನೆ. ಬಹಳ ಸಲ ಅದು ಆ್ಯಂಟಿಬಯಾಟಿಕ್ ಜೊತೆಗೆ ಸ್ಟೆರಾಯ್ಡ್ ಬೆರೆತ ಹನಿ. ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ಉರಿ ತಗ್ಗುತ್ತದೆ. ಹಾಗಾಗಿ ಆ ಸೀಸೆಗೆ ಊರಲ್ಲಿ ಒಳ್ಳೆಯ ಹೆಸರಿದೆ.

ಅದೇ ಬೀದಿಯ ಚಸ್ಮಾ ಅಂಗಡಿಯಲ್ಲಿ ಆಪ್ಟೋಮೆಟ್ರಿ ಪದವಿ ಮುಗಿಸಿದ ಒಬ್ಬರು ಕೂತಿರಬಹುದು. ಕಿತ್ತಳೆ ಬಣ್ಣದ ಫ್ಲೋರೆಸೀನ್ ಪಟ್ಟಿಯನ್ನು ಕಣ್ಣಿಗೆ ತಾಗಿಸಿ, ಸ್ಲಿಟ್ ಲ್ಯಾಂಪಿನ ನೀಲಿ ಬೆಳಕು ಬಿಟ್ಟರೆ ಕಾರ್ನಿಯಾ ಗೀರಿದ ಜಾಗ ಹಸಿರಾಗಿ ಹೊಳೆಯುತ್ತದೆ. ಗೀರು ಎಷ್ಟುದ್ದ, ಎಷ್ಟು ಆಳ, ಅಂಚಿನಲ್ಲಿ ಬಿಳಿ ಕಲೆ ಕೂತಿದೆಯೇ ಎಂಬುದನ್ನು ಅವರು ಎರಡು ನಿಮಿಷದಲ್ಲಿ ಹೇಳಬಲ್ಲರು. ಆದರೆ ಮುಲಾಮಿಗೆ ಚೀಟಿ ಬರೆಯುವ ಅಧಿಕಾರ ಅವರಿಗಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ ಅದರಡಿಯ 1945ರ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್ ಪಟ್ಟಿಯ ಔಷಧವನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಭಾರತದಲ್ಲಿ ಆಪ್ಟೋಮೆಟ್ರಿಸ್ಟ್ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹೀಗೆ ಕಣ್ಣು ನೋಡಬಲ್ಲವರ ಕೈಯನ್ನು ಕಾನೂನು ಕಟ್ಟಿದೆ. ಕಣ್ಣು ನೋಡದೆಯೇ ಸೀಸೆ ಕೊಡುವ ಕೈ ಮಾತ್ರ ಮುಕ್ತವಾಗಿಯೇ ಉಳಿದಿದೆ.

ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಇದು ಸಣ್ಣ ಮಾತಲ್ಲ. ಇಳಕಲ್ ಕೆಂಪು ಗ್ರಾನೈಟಿಗೆ ಹೆಸರಾದ ಊರು. ಕಲ್ಲು ಸೀಳುವಲ್ಲಿ, ಉಳಿ ಸಾಣೆ ಹಿಡಿಯುವಲ್ಲಿ ಸಿಡಿದ ಕಬ್ಬಿಣದ ಚೂರು ಕಾರ್ನಿಯಾಕ್ಕೆ ಅಂಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಅದರ ಸುತ್ತ ತುಕ್ಕಿನ ಉಂಗುರ ಕಟ್ಟಲು ತೊಡಗುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಗರಿ ಗೀರುತ್ತದೆ, ಬಾದಾಮಿ, ಹುನಗುಂದದ ಕಡೆ ಜೋಳದ ರವದಿ, ರಾಶಿ ಯಂತ್ರದಿಂದ ಹಾರುವ ಹೊಟ್ಟು. ಹೊಲದ ಎಲೆ ಗೀರಿದ ಗಾಯದ ವಿಶೇಷ ಅಪಾಯವೆಂದರೆ ಶಿಲೀಂಧ್ರ. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಬೂಷ್ಟಿನ ಜಾತಿಗಳು ಗಾಯದೊಳಗೆ ಬೇರೂರುತ್ತವೆ. ಅಂಥ ಕಣ್ಣಿಗೆ ಸ್ಟೆರಾಯ್ಡ್ ಬಿದ್ದರೆ ದೇಹದ ಪ್ರತಿರೋಧ ಅಡಗಿ ಬೂಷ್ಟು ಒಳಗೊಳಗೇ ಹಬ್ಬುತ್ತದೆ. ಹೊರಗೆ ಕೆಂಪು ಇಳಿದಂತೆ ಕಂಡರೂ ಒಳಗೆ ಹುಣ್ಣು ಬೆಳೆಯುತ್ತಿರುತ್ತದೆ. ಕಡೆಗೆ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಬರುವ ಹೊತ್ತಿಗೆ ಕರಿಗುಡ್ಡೆಯ ಮೇಲೆ ಬಿಳಿ ಹೂವು ಬಿದ್ದಿರುತ್ತದೆ.

ಇಳಕಲ್‌ನಿಂದ ಬಾಗಲಕೋಟೆ ಅರವತ್ತು ಕಿಲೊಮೀಟರ್ ಆಸುಪಾಸು. ಕೂಲಿಯವರಿಗೆ ಅದು ಒಂದು ದಿನದ ಪಗಾರ, ಬಸ್ಸಿನ ಖರ್ಚು, ಜೊತೆಗೊಬ್ಬರ ದಿನವೂ ಹೌದು. ಮನೆಯಲ್ಲೇ ಏನಾದರೂ ಮಾಡೋಣ ಎನ್ನುವುದು ಇಲ್ಲಿಂದಲೇ. ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು, ನಾಲಿಗೆಯಿಂದ ಕಸ ತೆಗೆಸುವುದು ಇವೆಲ್ಲ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ.

ಈ ಮಣ್ಣಿಗೆ ಕಣ್ಣಿನ ವೈದ್ಯವೇನೂ ಹೊಸದಲ್ಲ. ಇದೇ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ನಡೆಸಿ ಮೋತಿಬಿಂದು ತೆಗೆದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು, 1993ರ ಫೆಬ್ರುವರಿ ವೇಳೆಗೆ ಒಟ್ಟು 6,10,564 ತಲುಪಿದ್ದು ಗಿನ್ನೆಸ್ ದಾಖಲೆಯಲ್ಲಿದೆ. ವೈದ್ಯರೇ ಬಡವರ ಬಾಗಿಲಿಗೆ ಹೋಗಬೇಕೆಂದು ತೋರಿಸಿಕೊಟ್ಟ ದೊಡ್ಡ ಜೀವ ಅದು. ಆದರೆ ಮೋತಿಬಿಂದು ಶಿಬಿರದ ತಾರೀಖಿನವರೆಗೆ ತಡೆದೀತು, ರವದಿ ಗೀರಿದ ಕಾರ್ನಿಯಾ ತಡೆಯುವುದಿಲ್ಲ. ಅದಕ್ಕೆ ಅದೇ ದಿನ, ಅದೇ ಊರಲ್ಲಿ ನೋಡುವವರು ಬೇಕು.

ಅಂಥವರು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನೇಪಾಳದ ಭಕ್ತಪುರ ಜಿಲ್ಲೆ ತೋರಿಸಿದೆ. ಅಲ್ಲಿ ತರಬೇತಿ ಪಡೆದ ಪ್ರಾಥಮಿಕ ನೇತ್ರ ಕಾರ್ಯಕರ್ತರಿಗೆ ಒಂದೇ ಒಂದು ಔಷಧ ಕೊಡಲಾಗಿತ್ತು: ಶೇ 1ರ ಕ್ಲೋರಾಂಫೆನಿಕಾಲ್ ಮುಲಾಮು. ದಿನಕ್ಕೆ ಮೂರು ಸಲ, ಮೂರು ದಿನ. ಕಾರ್ನಿಯಾ ಗೀರಿದ್ದು ಖಚಿತವಾದ 442 ಜನರಲ್ಲಿ ಶೇ 96ರಷ್ಟು ಮಂದಿಯ ಗಾಯ ಸೋಂಕಿಲ್ಲದೆ ಮಾಯಿತು. ಪೆಟ್ಟಾದ ಹದಿನೆಂಟು ಗಂಟೆಯೊಳಗೆ ಮುಲಾಮು ಹಾಕಿಸಿಕೊಂಡವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಬ್ರಿಟನ್ನಿನ ನೇತ್ರವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದು. ದಕ್ಷಿಣ ಭಾರತದ ಹಳ್ಳಿಗಳಲ್ಲೂ ಇದೇ ದಾರಿಯಲ್ಲಿ ಪ್ರಯೋಗ ನಡೆದು 2006ರಲ್ಲಿ ವರದಿಯಾಯಿತು. ಅಲ್ಲಿ ಮುಲಾಮು ಹಚ್ಚಿದವರು ಪದವೀಧರರೂ ಅಲ್ಲ, ಊರಿನ ಕಾರ್ಯಕರ್ತರು. ಅವರ ಕೈಯಲ್ಲಿದ್ದದ್ದು ಒಂದು ಔಷಧ, ಒಂದು ನಿಯಮ, ಯಾವಾಗ ಆಸ್ಪತ್ರೆಗೆ ಕಳಿಸಬೇಕೆಂಬ ಸ್ಪಷ್ಟ ಗೆರೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಆಪ್ಟೋಮೆಟ್ರಿಸ್ಟ್‌ಗಳು ಡಾಕ್ಟರಾಗಬೇಕೆ?’ ಎಂಬುದಲ್ಲ. ಯಾವ ಔಷಧವನ್ನು, ಯಾವ ತರಬೇತಿಯ ಮೇಲೆ, ಯಾರ ಕಣ್ಗಾವಲಿನಲ್ಲಿ ಅವರ ಕೈಗೆ ಕೊಡಬಹುದು ಎಂಬುದು. ಹೊರಗಿನ ದೇಶಗಳು ಇದನ್ನು ಅಳೆದೂ ಸುರಿದೂ ಮಾಡಿವೆ. ಅಮೆರಿಕದಲ್ಲಿ ಚಿಕಿತ್ಸೆಯ ಔಷಧ ಬರೆಯಲು ಮೊದಲು ಅವಕಾಶ ಕೊಟ್ಟದ್ದು 1976ರಲ್ಲಿ ವೆಸ್ಟ್ ವರ್ಜೀನಿಯ. ಇಂದು ಐವತ್ತೂ ರಾಜ್ಯಗಳಲ್ಲಿ ಅವಕಾಶವಿದ್ದರೂ ಮಿತಿ ಒಂದೇ ಅಲ್ಲ. ಟೆಕ್ಸಸ್‌ನಲ್ಲಿ ಔಷಧ ಬರೆಯುವವರದು ಒಂದು ದರ್ಜೆ, ಗ್ಲಾಕೋಮಾ ನೋಡುವವರದು ಅದಕ್ಕೂ ಮೇಲಿನ ಇನ್ನೊಂದು. ಕಣ್ಣಿನ ರೋಗಗಳ ಚಿಕಿತ್ಸೆಗೆಂದೇ ರಾಷ್ಟ್ರೀಯ ಮಂಡಳಿಯ ಪ್ರತ್ಯೇಕ ಪರೀಕ್ಷೆಯೂ ಅಲ್ಲಿದೆ. ಬ್ರಿಟನ್ನಿನಲ್ಲಿ ಸಾಮಾನ್ಯ ನೋಂದಣಿಯ ಆಪ್ಟೋಮೆಟ್ರಿಸ್ಟ್ ಕ್ಲೋರಾಂಫೆನಿಕಾಲ್‌ನಂಥ ಕೆಲವೇ ಔಷಧ ಕೊಡಬಹುದು. ಸ್ವತಂತ್ರವಾಗಿ ಚೀಟಿ ಬರೆಯುವ ಹಕ್ಕು ಅವರಿಗೆ 2008ರಲ್ಲಿ ಸಿಕ್ಕಿತು, ಅದೂ ಹೆಚ್ಚುವರಿ ಓದು, ಮೇಲ್ವಿಚಾರಣೆಯ ಆಸ್ಪತ್ರೆ ತರಬೇತಿ ಮುಗಿಸಿ ವಿಶೇಷ ಪಟ್ಟಿಗೆ ಸೇರಿದವರಿಗೆ ಮಾತ್ರ. ಅವರೂ ಚುಚ್ಚುಮದ್ದು ಬರೆಯುವಂತಿಲ್ಲ. ಆಸ್ಟ್ರೇಲಿಯದಲ್ಲಿ 1996ರಲ್ಲಿ ವಿಕ್ಟೋರಿಯ ರಾಜ್ಯ ಆರಂಭಿಸಿತು. 2014ರ ಡಿಸೆಂಬರ್‌ನಿಂದ ಹೊಸದಾಗಿ ನೋಂದಾಯಿಸುವ ಪ್ರತಿಯೊಬ್ಬರಿಗೂ ಅಲ್ಲಿ ಈ ಅರ್ಹತೆ ಕಡ್ಡಾಯ. ಒಂದೇ ರಾತ್ರಿಯಲ್ಲಿ ಎಲ್ಲೂ ಆಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಆಯಿತು.

ನೇತ್ರತಜ್ಞರ ವಿರೋಧವನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಅನ್ಯಾಯ. ಕಣ್ಣು ಕೆಂಪಾಗಲು ಹತ್ತಾರು ಕಾರಣಗಳಿವೆ. ಕಣ್ಣು ಬಂದಾಗಿನ ಕೆಂಪೂ, ಒಳಗಿನ ಉರಿಯೂತದ ಕೆಂಪೂ, ಒತ್ತಡ ಒಮ್ಮೆಲೇ ಏರಿದ ಕೆಂಪೂ ಹೊರಗಿನಿಂದ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಮೇಲಾಗಿ ಕಣ್ಣಿಗೆ ಹಾಕಿದ ಹನಿ ಕಣ್ಣಲ್ಲೇ ನಿಲ್ಲುವುದಿಲ್ಲ, ಮೂಗಿನ ನಾಳದಿಂದ ಇಳಿದು ರಕ್ತ ಸೇರುತ್ತದೆ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿಯಿಂದ ಅಸ್ತಮಾ ಇರುವವರ ಉಸಿರೇ ಕಟ್ಟಬಹುದು. ‘ದಮ್ಮು ಐತೇನ್ರಿ ನಿಮಗ?’ ಎಂದು ಕೇಳದೆ ಆ ಹನಿ ಬರೆಯುವವರು ಎಷ್ಟೇ ಯಂತ್ರ ಇಟ್ಟುಕೊಂಡಿದ್ದರೂ ಅಪಾಯಕಾರಿಗಳು. ಅರ್ಹತಾ ಪತ್ರದ ತೂಕ ಇರುವುದು ಇಂಥ ಪ್ರಶ್ನೆಗಳಲ್ಲಿ.

ಸ್ಟೆರಾಯ್ಡ್ ವಿಚಾರದಲ್ಲಂತೂ ತಜ್ಞರ ಮಾತು ನೂರಕ್ಕೆ ನೂರು ನಿಜ. ಬಿಸಿಲು, ದೂಳಿನ ಈ ನಾಡಿನಲ್ಲಿ ಬೇಸಿಗೆ ಬಂದರೆ ಮಕ್ಕಳು ಕಣ್ಣು ಉಜ್ಜಿಕೊಳ್ಳುತ್ತಲೇ ಇರುತ್ತಾರೆ. ರೆಪ್ಪೆಯೊಳಗೆ ಗುಳ್ಳೆ, ಅಂಟಂಟು ಪಿಸರು, ತಡೆಯಲಾರದ ತುರಿಕೆ. ವರ್ಷವರ್ಷವೂ ಮರಳುವ ಅಲರ್ಜಿ ಇದು, ಹುಡುಗರಲ್ಲೇ ಹೆಚ್ಚು. ಮೊದಲ ಸಲ ಯಾರೋ ಡಾಕ್ಟರು ವಾರದ ಮಟ್ಟಿಗೆ ಸ್ಟೆರಾಯ್ಡ್ ಹನಿ ಬರೆದಿರುತ್ತಾರೆ. ತುರಿಕೆ ಮಾಯವಾಗುತ್ತದೆ. ತಾಯಿ ಖಾಲಿ ಸೀಸೆ ಎತ್ತಿಡುತ್ತಾಳೆ, ಮುಂದಿನ ಬೇಸಿಗೆಯಲ್ಲಿ ಅದನ್ನೇ ಮೆಡಿಕಲ್‌ನಲ್ಲಿ ತೋರಿಸಿ ‘ಇಂಥಾದ್ದ ಕೊಡ್ರಿ’ ಎನ್ನುತ್ತಾಳೆ. ಅದರ ಮುಂದಿನ ಬೇಸಿಗೆಯೂ ಹಾಗೆಯೇ. ಸ್ಟೆರಾಯ್ಡ್ ಹನಿಯನ್ನು ವಾರಗಟ್ಟಲೆ ಹಾಕಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಸ್ವಲ್ಪವಾದರೂ ಏರುತ್ತದೆ, ನೂರರಲ್ಲಿ ಐದಾರು ಜನರಿಗೆ ವಿಪರೀತ ಏರುತ್ತದೆ. ನೋವಿಲ್ಲ, ಕೆಂಪಿಲ್ಲ. ಹುಡುಗ ಶಾಲೆಗೆ ಹೋಗುತ್ತಾನೆ, ಆಡುತ್ತಾನೆ. ಬದಿಯ ನೋಟ ಕಿರಿದಾಗುತ್ತಾ ಬಂದದ್ದು ಅವನಿಗೂ ಗೊತ್ತಾಗುವುದಿಲ್ಲ. ಸತ್ತ ನರದ ಎಳೆ ಮತ್ತೆ ಚಿಗುರುವುದೂ ಇಲ್ಲ. ಈ ಮಗುವಿನ ಕಣ್ಣಿನ ಒತ್ತಡವನ್ನು ನಡುವೆ ಒಮ್ಮೆಯಾದರೂ ಯಾರಾದರೂ ಅಳೆದಿದ್ದರೆ ಅವನ ದೃಷ್ಟಿ ಉಳಿಯುತ್ತಿತ್ತು.

ಅಳೆಯುವವರು ಯಾರು? ತಾಲ್ಲೂಕು ಮಟ್ಟದಲ್ಲಿ ಕಣ್ಣಿನ ಮುಂದೆ ಮೊದಲು ಕೂರುವವರು ಆಪ್ಟೋಮೆಟ್ರಿಸ್ಟ್‌ಗಳು ಮತ್ತು ಸರ್ಕಾರಿ ನೇತ್ರಾಧಿಕಾರಿಗಳೇ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವವರಿಗೆ, ಗುಳೇದಗುಡ್ಡದಲ್ಲಿ ಖಣ ನೇಯುವವರಿಗೆ ನಲವತ್ತು ದಾಟಿದ ಮೇಲೆ ಚಾಳೀಸಿಲ್ಲದೆ ಕೈ ಓಡದು. ಅವರು ಚಾಳೀಸು ಮಾಡಿಸಲು ಬಂದ ಆ ಕಾಲು ಗಂಟೆಯೇ ಎಷ್ಟೋ ಜನರ ಬದುಕಿನ ಮೊದಲ ಕಣ್ಣಿನ ತಪಾಸಣೆ. ಜಾತ್ರೆಯಲ್ಲಿ ಸಿದ್ಧ ಕನ್ನಡಕ ಕೊಂಡವರಿಗೆ ಅದೂ ತಪ್ಪುತ್ತದೆ.

ಆದರೆ ಚಸ್ಮಾ ಅಂಗಡಿಯಲ್ಲಿ ಬಿಳಿ ಕೋಟು ತೊಟ್ಟವರೆಲ್ಲ ಒಂದೇ ಓದಿನವರಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಪದವಿ ಪಡೆದವರಿದ್ದಾರೆ, ಪ್ಯಾರಾಮೆಡಿಕಲ್ ಡಿಪ್ಲೊಮಾದವರಿದ್ದಾರೆ, ಅಂಗಡಿಯಲ್ಲೇ ಯಂತ್ರ ನಡೆಸುವುದನ್ನು ಕಲಿತವರೂ ಇದ್ದಾರೆ. ಜನ ಮೂವರನ್ನೂ ‘ಕಣ್ಣಿನ ಡಾಕ್ಟರ’ ಎಂದೇ ಕರೆಯುತ್ತಾರೆ. ಔಷಧದ ಮಾತಿಗೆ ಮುಂಚೆ ಈ ಗೊಂದಲ ಬಗೆಹರಿಯಬೇಕು. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಇರುವುದೇ ಇದಕ್ಕೆ. ಅದರ ಅನುಸೂಚಿಯಲ್ಲಿ ಆಪ್ಟೋಮೆಟ್ರಿಸ್ಟ್ ಇದ್ದಾರೆ, ಪ್ರತಿ ರಾಜ್ಯವೂ ಪರಿಷತ್ತು ರಚಿಸಿ ನೋಂದಣಿ ಪುಸ್ತಕ ಇಡಬೇಕು. ರಾಜ್ಯಗಳು ತಡಮಾಡಿದ್ದರಿಂದ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಹಾಕಬೇಕಾಯಿತು. 2025ರಲ್ಲಿ ಆಪ್ಟೋಮೆಟ್ರಿಯೂ ಸೇರಿ ಹತ್ತು ವೃತ್ತಿಗಳ ಹೊಸ ಪಠ್ಯಕ್ರಮ ಹೊರಬಂತು. ನೋಂದಣಿ ಸಂಖ್ಯೆ ಅಂಗಡಿಯ ಗೋಡೆಯ ಮೇಲೆ, ಕನ್ನಡದಲ್ಲಿ, ಗಿರಾಕಿ ಓದುವಷ್ಟು ದೊಡ್ಡದಾಗಿ ಇರಬೇಕೆಂಬ ಕಟ್ಟಳೆಯಿಂದಲೇ ಶುರುಮಾಡಬಹುದು.

ಔಷಧದ ಹಕ್ಕು ಮಾತ್ರ ರಾಜ್ಯದ ಒಂದು ಸುತ್ತೋಲೆಯಿಂದ ಬರುವಂಥದ್ದಲ್ಲ. ಕೇಂದ್ರದ ಕಾನೂನೇ ಬದಲಾಗಬೇಕು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೆಯ ಕಲಮು ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿ ಕೊಡುವ, ಪ್ರಾಥಮಿಕ ಆರೈಕೆಯಲ್ಲಿ ನಿಗದಿತ ಔಷಧ ಬರೆಯಲು ಬಿಡುವ ಬಾಗಿಲನ್ನು ಕಾಗದದ ಮೇಲೆ ತೆರೆಯಿತು. ವೈದ್ಯರ ಸಂಘ ಅದನ್ನು ವಿರೋಧಿಸಿ ದೇಶದಾದ್ಯಂತ ಮುಷ್ಕರ ಹೂಡಿತು. ಅರ್ಹತೆ ಯಾವುದು, ಪಟ್ಟಿಯಲ್ಲಿ ಯಾವ ಔಷಧ ಎಂಬುದನ್ನು ಬಿಡಿಸಿ ಹೇಳದ ಕಲಮಿನ ಬಗ್ಗೆ ಅವರ ಆತಂಕ ಅರ್ಥವಾಗುವಂಥದ್ದು. ಕಣ್ಣಿನ ಮಟ್ಟಿಗಾದರೂ ಬಿಡಿಸಿ ಹೇಳುವುದು ಕಷ್ಟವಲ್ಲ.

ನಾಲ್ಕು ವರ್ಷದ ಪದವಿ, ರಾಜ್ಯ ಪರಿಷತ್ತಿನ ನೋಂದಣಿ, ಆಮೇಲೆ ನೇತ್ರ ವಿಭಾಗದಲ್ಲಿ ಒಂದು ವರ್ಷ ಹೊರರೋಗಿಗಳ ನಡುವೆ ದುಡಿತ. ಬಾಗಲಕೋಟೆಯಲ್ಲಿ ಅದಕ್ಕೆ ಜಾಗಗಳಿವೆ: ನವನಗರದ ಜಿಲ್ಲಾಸ್ಪತ್ರೆ ಇದೆ, ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. ಪರೀಕ್ಷೆ ಬರೀ ಬರವಣಿಗೆಯದಾಗದೆ ಸ್ಲಿಟ್ ಲ್ಯಾಂಪಿನ ಮುಂದೆ, ನಿಜವಾದ ರೋಗಿಯ ಎದುರು ನಡೆಯಬೇಕು. ಪತ್ರ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಪಟ್ಟಿಯಲ್ಲಿ ಒಣಕಣ್ಣಿನ ಹನಿ, ಅಲರ್ಜಿಯ ಸ್ಟೆರಾಯ್ಡ್ ರಹಿತ ಹನಿ, ಗೀರುಗಾಯದ ಮುಲಾಮು ಇವಿಷ್ಟೇ ಸಾಕು. ಸ್ಟೆರಾಯ್ಡ್ ಬೇಡವೇ ಬೇಡ. ಕಣ್ಣು ಮರಗಟ್ಟಿಸುವ ಹನಿಯ ಸೀಸೆಯನ್ನು ರೋಗಿಯ ಕೈಗೆ ಕೊಟ್ಟು ಕಳಿಸುವುದೂ ಬೇಡ. ನೋವು ನಿಂತಿತೆಂದು ವೆಲ್ಡಿಂಗ್, ಕಲ್ಲಿನ ಕೆಲಸದವರು ಅದನ್ನೇ ಹಾಕುತ್ತಾ ಹೋದರೆ ಕಾರ್ನಿಯಾ ಕರಗುತ್ತದೆ. ಮತ್ತೊಂದು ಮಾತಿನಲ್ಲಿ ರಾಜಿ ಸಲ್ಲದು: ಚೀಟಿ ಬರೆದವರು ಆ ಔಷಧ ಮಾರಬಾರದು. ಕನ್ನಡಕ ಮಾರುವವರಿಗೇ ಔಷಧದ ಲಾಭವೂ ಸೇರಿದರೆ ಬೇಕಿರಲಿ ಬೇಡವಿರಲಿ ಪ್ರತಿ ಗಿರಾಕಿಯ ಚೀಲದಲ್ಲೂ ಒಂದು ಸೀಸೆ ಬೀಳುತ್ತದೆ.

ದಿಲ್ಲಿಯಲ್ಲಿ ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈಗಿನ ನಿಯಮದೊಳಗೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಸಹಿಯಡಿ ನೇತ್ರಾಧಿಕಾರಿ ಗೀರುಗಾಯ ನೋಡಿ, ಮೊದಲ ಮುಲಾಮು ಹಾಕಿ, ಮೂರು ದಿನ ಬಿಟ್ಟು ಮತ್ತೆ ನೋಡುವ ವ್ಯವಸ್ಥೆಯನ್ನು ಜಿಲ್ಲಾ ಆರೋಗ್ಯ ಇಲಾಖೆ ಹುನಗುಂದ, ಇಳಕಲ್, ಬಾದಾಮಿ ತಾಲ್ಲೂಕುಗಳಲ್ಲಿ ಬರುವ ಜೋಳದ ಸುಗ್ಗಿಗೆ ಮುಂಚೆಯೇ ಆರಂಭಿಸಬಹುದು. ಔಷಧ ನಿಯಂತ್ರಣ ಇಲಾಖೆ ಅದೇ ಹೊತ್ತಿಗೆ ಮೆಡಿಕಲ್ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಹೋಗುವ ಸ್ಟೆರಾಯ್ಡ್ ಹನಿಗಳ ಲೆಕ್ಕ ಕೇಳಲಿ. ನೇತ್ರಾಧಿಕಾರಿಯ ದಾಖಲೆ ಪುಸ್ತಕದಲ್ಲಿ ಏನು ಬಡಿಯಿತು, ಎಷ್ಟು ಗಂಟೆಯ ಮೇಲೆ ಬಂದರು, ಅದಕ್ಕೆ ಮುಂಚೆ ಯಾವ ಹನಿ ಹಾಕಿಕೊಂಡಿದ್ದರು, ಕಡೆಗೆ ದೃಷ್ಟಿ ಎಷ್ಟು ಉಳಿಯಿತು ಎಂಬ ನಾಲ್ಕು ಕಾಲಂಗಳಿರಲಿ. ಎರಡು ಸುಗ್ಗಿಗಳ ಆ ಪುಸ್ತಕವನ್ನು ರಾಜ್ಯ ಪರಿಷತ್ತಿನ ಮುಂದೆ ಇಟ್ಟರೆ, ಪಟ್ಟಿಯಲ್ಲಿ ಯಾವ ಔಷಧ ಇರಬೇಕು, ಅದನ್ನು ಬರೆಯುವವರಿಗೆ ಎಷ್ಟು ತರಬೇತಿ ಬೇಕು ಎಂಬ ಚರ್ಚೆಯನ್ನು ಈ ಜಿಲ್ಲೆಯ ಕಣ್ಣುಗಳ ಲೆಕ್ಕದ ಮೇಲೆಯೇ ನಡೆಸಬಹುದು.